ಪ್ರತಿಕ್ರಿಯೆ: ಬಯಾಸ್ ಅಪ್‌ಡೇಟ್ ಅರ್ಧದಲ್ಲಿ ಕರೆಂಟ್ ಹೋದದ್ದು
ಅಪ್‌ಡೇಟ್ ಮಧ್ಯೆ ಕರೆಂಟ್ ಹೋದ ಮೇಲೆ ಕಂಪ್ಯೂಟರಿನ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು ಅಂದಿರಲ್ಲ, ಮದರ್‌ಬೋರ್ಡ್ ಸತ್ತಿರಲಿಕ್ಕಿಲ್ಲ. ಬಯಾಸ್ (ಕಂಪ್ಯೂಟರನ್ನು ಶುರು ಮಾಡಿಸುವ ಪ್ರೋಗ್ರಾಂ) ಇರುವ ಚಿಪ್‌ನೊಳಗಿನ ಬರಹ ಅರ್ಧಂಬರ್ಧ ಆಗಿರಬೇಕು. ಪವರ್ ಕೇಬಲ್ ಕಿತ್ತು, ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಹತ್ತು ನಿಮಿಷ ತೆಗೆದಿಟ್ಟು ನೋಡಿ. ಇದಕ್ಕೆ ಬಗ್ಗುವುದು ಅಪರೂಪ, ಆದರೆ ಖರ್ಚಿಲ್ಲವಲ್ಲ.

ಆಗದಿದ್ದರೆ ಸಿಎಚ್341ಎ ಪ್ರೋಗ್ರಾಮರ್ (ಇನ್ನೊಂದು ಕಂಪ್ಯೂಟರಿನಿಂದ ಚಿಪ್ಪನ್ನು ಓದಿ ಬರೆಯುವ ಯುಎಸ್‌ಬಿ ಸಾಧನ), ಚಿಪ್‌ಗೆ ಕಚ್ಚಿಸುವ ಎಂಟು ಕಾಲಿನ ಕ್ಲಿಪ್ ತನ್ನಿ. ಉಡುಪಿಯ ಉಪ್ಪುಗಾಳಿಗೆ ಚಿಪ್‌ನ ಕಾಲು ಕಪ್ಪಾಗಿದ್ದರೆ ಕ್ಲಿಪ್ ಹಿಡಿಯುವುದಿಲ್ಲ. ಹಳೇ ಟೂತ್‌ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ. ಚುಕ್ಕೆಯಿರುವ ಮೂಲೆ ಒಂದನೇ ಕಾಲು, ಕ್ಲಿಪ್‌ನ ಕೆಂಪು ತಂತಿ ಅಲ್ಲಿಗೆ. ಚಿಪ್ಪನ್ನು ಎರಡು ಸಲ ಓದಿಸಿ; ಎರಡೂ ಫೈಲ್ ಒಂದೇ ಇದ್ದರೆ ಮಾತ್ರ ಅಳಿಸಿ, ನಿಮ್ಮ ಬೋರ್ಡ್‌ನ ಬಯಾಸ್ ಫೈಲ್ ಬರೆಯಿರಿ. ಓದಿದ್ದನ್ನು ಬಿಸಾಡಬೇಡಿ, ಕೆಲವು ಬೋರ್ಡ್‌ಗಳ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಗುರುತಿಸುವ ಸಂಖ್ಯೆ) ಅದರಲ್ಲೇ ಇರುತ್ತದೆ. 64 ಮೆಗಾಬಿಟ್ ಚಿಪ್‌ಗೆ ಬರೆಯುವ ಫೈಲ್ ಸರಿಯಾಗಿ 8 ಎಂಬಿ ಇರಬೇಕು. ಸ್ವಲ್ಪ ಜಾಸ್ತಿ ಇದ್ದರೆ ಹೆಚ್ಚಾಗಿ ಹೆಡರ್ (ಫೈಲ್‌ನ ಮೊದಲಿಗೆ ಸೇರಿಸಿದ ಹೆಚ್ಚುವರಿ ಭಾಗ) ಅಂಟಿಕೊಂಡಿರುತ್ತದೆ, ಅದನ್ನು ಕತ್ತರಿಸಿಯೇ ಬರೆಯಿರಿ.