ಸುನ್ನತಿಯಲ್ಲಿ ತೆಗೆದ ಶಿಶುಗಳ ಚರ್ಮದಿಂದ ಔಷಧ, ಕ್ರೀಮ್ ತಯಾರಿಸುವುದು ನಿಜವೇ?

ನಿಜ. ಆದರೆ ಕ್ರೀಮಿನೊಳಗೆ ಚರ್ಮದ ಚೂರುಗಳಿರುತ್ತವೆ ಎಂಬ ಮಾತು ಸುಳ್ಳು.

ಅಮೆರಿಕದಲ್ಲಿ ಧಾರ್ಮಿಕ ಕಾರಣವಿಲ್ಲದೆಯೂ ನವಜಾತ ಗಂಡು ಶಿಶುಗಳಿಗೆ ಆಸ್ಪತ್ರೆಯಲ್ಲೇ ಸುನ್ನತಿ ಮಾಡಿಸುವ ರೂಢಿ ವ್ಯಾಪಕವಾಗಿದೆ. ಹಾಗೆ ತೆಗೆದ ಮುಂದೊಗಲಿನ ಜೀವಕೋಶಗಳು ಎಳೆಯವು. ಪ್ರಯೋಗಾಲಯದಲ್ಲಿ ಬೇಗ ವೃದ್ಧಿಯಾಗುತ್ತವೆ. ಇವುಗಳಿಂದ 'ಆಪ್ಲಿಗ್ರಾಫ್' ಎಂಬ ಕೃತಕ ಚರ್ಮ ತಯಾರಿಸುವಾಗ ದನದ ಕೊಲಾಜೆನ್ ಎಂಬ ಪ್ರೋಟೀನಿನ ಜೊತೆ ಒಳಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಬೆಳೆಸಿ, ಅದರ ಮೇಲೆ ಹೊರಚರ್ಮದ ಕೆರಟಿನೊಸೈಟ್ ಕೋಶಗಳ ಪದರ ಬೆಳೆಸುತ್ತಾರೆ. ಕೊನೆಗೆ ಸಿಗುವುದು ಸುಮಾರು 7.5 ಸೆಂ.ಮೀ. ಅಗಲದ, ಒಂದು ಮಿಲಿಮೀಟರಿಗಿಂತಲೂ ತೆಳುವಾದ ಜೀವಂತ ಬಿಲ್ಲೆ. ಎಷ್ಟು ಔಷಧ ಹಚ್ಚಿದರೂ ಮಾಯದ ಹುಣ್ಣಿನ ಮೇಲೆ ವೈದ್ಯರು ಇದನ್ನು ಹೊದಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಅಭಿಧಮನಿ ದೋಷದಿಂದಾಗುವ ಕಾಲಿನ ಹುಣ್ಣಿಗೂ 2000ದಲ್ಲಿ ಮಧುಮೇಹಿಗಳ ಪಾದದ ಹುಣ್ಣಿಗೂ ಇದಕ್ಕೆ ಅನುಮತಿ ನೀಡಿತು. ಪಾದವನ್ನೇ ಕಳೆದುಕೊಳ್ಳುವ ಭಯದಲ್ಲಿರುವವರಿಗೆ ಇದು ಸಣ್ಣ ಸಂಗತಿಯಲ್ಲ.

ಸೌಂದರ್ಯವರ್ಧಕಗಳ ಕಥೆ ಬೇರೆ. ಸ್ಕಿನ್‌ಮೆಡಿಕಾ ಕಂಪನಿಯ, ಮುಖಕ್ಕೆ ಹಚ್ಚುವ ಟಿಎನ್‌ಎಸ್ ಸೀರಮ್‌ನಲ್ಲಿ ಬಳಸಿದ್ದು ಕೋಶಗಳನ್ನಲ್ಲ, ಅವು ಬೆಳೆದ ದ್ರವವನ್ನು. ಕೋಶಗಳು ಸ್ರವಿಸಿದ ಪ್ರೋಟೀನುಗಳು ಅದರಲ್ಲಿರುತ್ತವೆ. ಒಮ್ಮೆ ಬೆಳೆಸಿ ಶೀತಲೀಕರಿಸಿಟ್ಟ ಕೋಶಸಂಗ್ರಹ ಬಹುಕಾಲ ಸಾಕಾಗುತ್ತದೆ. ಆದ್ದರಿಂದ ಈ ಉದ್ಯಮಕ್ಕಾಗಿಯೇ ಸುನ್ನತಿ ನಡೆಯುತ್ತಿದೆ ಎಂಬ ವಾದದಲ್ಲಿ ಹುರುಳಿಲ್ಲ.

ನನ್ನ ತಕರಾರಿರುವುದು ಒಪ್ಪಿಗೆಯ ಬಗ್ಗೆ. ಜಾನ್ ಮೂರ್ ಎಂಬ ರೋಗಿಯ ಕೋಶಗಳನ್ನು ವೈದ್ಯರು ಅವನಿಗೆ ತಿಳಿಸದೆ ಲಾಭಕ್ಕೆ ಬಳಸಿದ ಪ್ರಕರಣದಲ್ಲಿ 1990ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ದೇಹದಿಂದ ತೆಗೆದ ಕೋಶಗಳ ಮೇಲೆ ರೋಗಿಯ ಆಸ್ತಿಹಕ್ಕನ್ನು ಮಾನ್ಯ ಮಾಡಲಿಲ್ಲ. ಆದರೆ ವೈದ್ಯ ತನ್ನ ಹಣಕಾಸಿನ ಹಿತಾಸಕ್ತಿಯನ್ನು ರೋಗಿಗೆ ತಿಳಿಸಲೇಬೇಕು ಎಂದಿತು. ಅಲ್ಲಿನ ರೋಗಿ ವಯಸ್ಕ. ಇಲ್ಲಿ ಶಿಶುವಿನ ಪರವಾಗಿ ಸಹಿ ಹಾಕುವವರು ಹೆತ್ತವರು. ಸುಕ್ಕು ಮರೆಸುವ ದುಬಾರಿ ಸೀರಮ್‌ಗೂ ಆ ಕೋಶಗಳು ಬಳಕೆಯಾಗಬಹುದು ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಅವರಿಗೆ ಅರ್ಥವಾಗುವಂತೆ ಬರೆದಿರಬೇಕು.