ಚುನಾವಣೆಯಲ್ಲಿ ಸೋತ ಎಡಮಧ್ಯಮ ಪಕ್ಷ ಇನ್ನಷ್ಟು ಎಡಕ್ಕೆ ಸರಿಯಬೇಕೇ, ಮಧ್ಯಕ್ಕೆ ಬರಬೇಕೇ?

ಮಧ್ಯಕ್ಕೆ ಬಂದರೆ ಗೆಲುವು ಖಚಿತ ಎನ್ನುವವರು ಸಾಮಾನ್ಯವಾಗಿ ಬ್ರಿಟನ್ನಿನ ಲೇಬರ್ ಪಕ್ಷವನ್ನು ತೋರಿಸುತ್ತಾರೆ: ಉತ್ಪಾದನಾ ಸಾಧನಗಳ ಸಾಮೂಹಿಕ ಒಡೆತನದ ಗುರಿಯನ್ನು 1995ರಲ್ಲಿ ತನ್ನ ನಿಯಮಾವಳಿಯಿಂದ ಕೈಬಿಟ್ಟ ಆ ಪಕ್ಷ, ಸತತ ನಾಲ್ಕು ಸೋಲುಗಳ ನಂತರ 1997ರಲ್ಲಿ ಭಾರಿ ಬಹುಮತ ಪಡೆಯಿತು. ಆದರೆ ಅದೇ ಪಕ್ಷ 2017ರಲ್ಲಿ ಎಡಪಂಥೀಯ ಪ್ರಣಾಳಿಕೆಯೊಂದಿಗೆ ಶೇ. 40ರಷ್ಟು ಮತ ಗಳಿಸಿಯೂ ಸೋತಿತು, 2024ರಲ್ಲಿ ಮಧ್ಯಕ್ಕೆ ಸರಿದು ಸುಮಾರು ಶೇ. 34ರಷ್ಟು ಮತದಲ್ಲೇ 411 ಸ್ಥಾನ ಗೆದ್ದಿತು. ಹೀಗೆ ಎದುರಾಳಿಗಳ ಮತ ಒಡೆದದ್ದರಿಂದ ಬಂದ ಸ್ಥಾನಗಳನ್ನು ಸಿದ್ಧಾಂತದ ಗೆಲುವೆಂದು ಹೇಳಿಕೊಳ್ಳುವುದು, ನನ್ನ ಮಟ್ಟಿಗೆ, ಆತ್ಮವಂಚನೆ.

ಕೈತಪ್ಪಿದ ಮತದಾರರು ಈಗ ಯಾವ ಬಗೆಯ ದುಡಿಮೆಯಲ್ಲಿದ್ದಾರೆ ಎಂಬುದನ್ನು ಅರಿಯದೆ ದಿಕ್ಕು ನಿರ್ಧರಿಸಬಾರದು. ನಮ್ಮ ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ, ಗಣಿ ಕಾರ್ಮಿಕರ ಮಕ್ಕಳು ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಗಣಿಯ ಕಾಲದ ಯೂನಿಯನ್ ಭಾಷಣ ಇವರನ್ನು ಮುಟ್ಟುವುದಿಲ್ಲ, ಬಂಡವಾಳ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತನ್ನೂ ಇವರು ನಂಬುವುದಿಲ್ಲ. ಗುತ್ತಿಗೆ ಕೆಲಸದ ಭದ್ರತೆ, ಪಿಎಫ್, ಇಎಸ್ಐ, ಮನೆ ಬಾಡಿಗೆ ಇಂಥ ವಿಷಯಗಳಲ್ಲಿ ಪಕ್ಷವು ಸಂಕೋಚವಿಲ್ಲದೆ ಎಡಕ್ಕೆ ನಿಲ್ಲಬೇಕು. ಖರ್ಚಿನ ಲೆಕ್ಕ ಒಪ್ಪಿಸುವುದರಲ್ಲಿ ಮಾತ್ರ ಮಧ್ಯಮಾರ್ಗಿಗಳಷ್ಟೇ ಕಟ್ಟುನಿಟ್ಟಾಗಿರಬೇಕು.