ಚಿಲಕ ತೆಗೆದವರು ಯಾರು? ಪತ್ತೇದಾರಿ ಕಾದಂಬರಿ, ನಾಟಕ ಮತ್ತು ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಕಾದಂಬರಿ ಮತ್ತು ರಂಗಭೂಮಿಯ ಬಗ್ಗೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ವಾರವಾರ ಧಾರಾವಾಹಿ ಬರೀತೀರಿ, ನಾಟಕದಲ್ಲೂ ಪಾತ್ರ ಮಾಡ್ತೀರಿ. ನಿಮ್ಮ ಒಂದು ದಿನ ಹೇಗಿರುತ್ತೆ? – ಓದುಗರೊಬ್ಬರು, ಹಾಸನ

ನನ್ನ ದಿನ ಹೇಗಿರಬೇಕು ಅನ್ನೋದನ್ನು ತಾಲೀಮಿನ ಹೊತ್ತು ನಿರ್ಧರಿಸುತ್ತದೆ. ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ಹೆಚ್ಚಿನವರಿಗೆ ಹಗಲು ಬೇರೆ ಕೆಲಸ ಇರುತ್ತದೆ. ಒಬ್ಬರು ಬ್ಯಾಂಕು, ಒಬ್ಬರು ಐಟಿ, ಇನ್ನೊಬ್ಬರು ಹೈಸ್ಕೂಲು ಮೇಷ್ಟ್ರು. ಅವರೆಲ್ಲ ಟ್ರಾಫಿಕ್ ದಾಟಿ ಬಸವನಗುಡಿ ತಲುಪುವಾಗ ಏಳು ಗಂಟೆ. ಶುರುವಾದರೆ ಹತ್ತರವರೆಗೆ ನಡೆಯುತ್ತದೆ. ಮನೆಗೆ ಬಂದು ಊಟ ಮಾಡಿ ಬರೆಯೋಣ ಅಂದರೆ ಆಗಲ್ಲ, ಬೇರೆ ಯಾರದೋ ಮಾತು ಇನ್ನೂ ಬಾಯಲ್ಲೇ ಇರುತ್ತದೆ. ಹಾಗಾಗಿ ಬರವಣಿಗೆ ಏನಿದ್ದರೂ ಬೆಳಿಗ್ಗೆ. ಮನೆಯವರು ಏಳೋಕೆ ಮುಂಚೆ ಕೂತರೆ ತಿಂಡಿ ಹೊತ್ತಿಗೆ ಒಂದು ದೃಶ್ಯ ಆಗುತ್ತದೆ. ಆಮೇಲೆ ಅಡುಗೆ, ಪ್ರೂಫು, ಫೋನು. ಮಧ್ಯಾಹ್ನ ಮನೆಗೆಲಸ ಮಾಡ್ತಾ ಮಾಡ್ತಾ ಮಾತು ಬಾಯಿಪಾಠ.

ಪ್ರದರ್ಶನದ ವಾರ ಮಾತ್ರ ಹೊಸದು ಏನೂ ಬರೆಯುವುದಿಲ್ಲ. ಆ ವಾರದ ಕಂತನ್ನು ಮೊದಲೇ ಕಳಿಸಿರುತ್ತೇನೆ. ಲೈಟಿಂಗ್, ಸೆಟ್, ಗ್ರ್ಯಾಂಡ್ ರಿಹರ್ಸಲ್ ಅಂತ ಇಡೀ ದಿನ ರಂಗಮಂದಿರದಲ್ಲೇ ಹೋಗುತ್ತದೆ.

ಪ್ರಶ್ನೆ: ನಾಟಕದಿಂದ ಕಾದಂಬರಿಗೆ ನಿಜವಾಗಿ ಏನಾದ್ರೂ ಲಾಭ ಇದೆಯಾ, ಇಲ್ಲ ಎರಡೂ ಸುಮ್ನೆ ಇಷ್ಟ ಅಂತ ಮಾಡ್ತೀರಾ? – ಓದುಗರೊಬ್ಬರು, ತುಮಕೂರು

ತುಂಬಾ ಇದೆ. ಇಷ್ಟಪಟ್ಟು ಕೇಳಿದ್ದೀರಿ, ಬಿಡಿಸಿ ಹೇಳುತ್ತೇನೆ.

ಹೊಸಬರು ನನಗೆ ಕಳಿಸುವ ಹಸ್ತಪ್ರತಿಗಳಲ್ಲಿ ಇಂಥ ವಾಕ್ಯ ಆಗಾಗ ಸಿಗುತ್ತದೆ: ‘ಅವಳು ಕಾಫಿ ತಟ್ಟೆ ಹಿಡಿದು ಬಾಗಿಲು ತೆರೆದು ಒಳಗೆ ಬಂದಳು.’ ಓದುವಾಗ ಏನೂ ಅನ್ನಿಸಲ್ಲ. ಇದನ್ನೇ ರಂಗದ ಮೇಲೆ ಮಾಡಿ ನೋಡಿ. ಎರಡೂ ಕೈಯಲ್ಲಿ ತಟ್ಟೆ ಇದೆ, ತಟ್ಟೆಯಲ್ಲಿ ತುಂಬಿದ ಲೋಟಗಳಿವೆ, ಬಾಗಿಲಿಗೆ ಚಿಲಕ ಹಾಕಿದೆ. ತಾಲೀಮಿನಲ್ಲಿ ನಿರ್ದೇಶಕರು ಅಲ್ಲೇ ನಿಲ್ಲಿಸುತ್ತಾರೆ. ಚಿಲಕ ತೆಗೆದವರು ಯಾರು? ಮೊಣಕೈಯಿಂದ ತೆಗೆದಳಾ? ತಟ್ಟೆ ಕೆಳಗಿಟ್ಟಳಾ? ಒಳಗಿದ್ದವರು ಎದ್ದು ಬಂದು ತೆಗೆದರಾ? ಬೇರೆ ಕಥೆಯಲ್ಲಿ ಇದು ಸಣ್ಣ ವಿಷಯ ಇರಬಹುದು, ಕೊಲೆಯ ಕಥೆಯಲ್ಲಿ ಅಲ್ಲ. ಚಿಲಕ ಮುಟ್ಟಿದವರ ಬೆರಳಿನ ಗುರುತು ಅಲ್ಲಿರುತ್ತದೆ. ಒಳಗಿನವರು ತೆಗೆದಿದ್ದರೆ ಆ ಹೊತ್ತಿಗೆ ಅವರು ಬದುಕಿದ್ದರು ಅಂತ ಆಯಿತು. ಈ ಲೆಕ್ಕವನ್ನು ನನಗೆ ಕಲಿಸಿದ್ದು ತಾಲೀಮು. ಈಗಲೂ ಕೊಲೆ ನಡೆಯುವ ದೃಶ್ಯ ಬರೆದ ಮೇಲೆ ಎದ್ದು ನಿಂತು, ಕುರ್ಚಿ ಮೇಜು ಸರಿಸಿ, ಒಮ್ಮೆ ನಡೆದು ನೋಡುತ್ತೇನೆ.

ಇನ್ನೊಂದು, ಸುಳಿವು ಅಡಗಿಸೋದು. ಪತ್ತೇದಾರಿ ಕಾದಂಬರಿಯಲ್ಲಿ ಸುಳಿವನ್ನು ಓದುಗರ ಕಣ್ಣೆದುರೇ ಇಡಬೇಕು. ಕೊನೆಯ ಪುಟದಲ್ಲಿ ಎಲ್ಲಿಂದಲೋ ಒಂದು ಅವಳಿ ಸೋದರನನ್ನು ತಂದು ನಿಲ್ಲಿಸಿದರೆ ಅದು ಮೋಸ. ಆದರೆ ಕಣ್ಣೆದುರು ಇಟ್ಟಿದ್ದೂ ಕಾಣಬಾರದು, ಅದು ಹೇಗೆ? ನಟರಿಗೆ ಗೊತ್ತು. ರಂಗದ ಮೇಲೆ ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಅಲುಗಾಡಿದರೆ ಜನರ ಕಣ್ಣು ಅಲುಗಾಡಿದವರ ಕಡೆ ಹೋಗುತ್ತದೆ. ಅದಕ್ಕೇ ಇನ್ನೊಬ್ಬರ ಮಾತಿನ ಮೇಲೆ ಅಲುಗಾಡಬೇಡಿ ಅಂತ ನಟರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ನಾನು ಬರೆಯುವಾಗ ಅದನ್ನೇ ತಿರುಗಿಸಿ ಬಳಸುತ್ತೇನೆ. ಸುಳಿವಿನ ಮಾತು ಬರುವ ವಾಕ್ಯದಲ್ಲೇ ಯಾರಾದರೂ ಎದ್ದು ಹೋಗುತ್ತಾರೆ, ಲೋಟ ಬೀಳುತ್ತದೆ, ಮಗು ಅಳುತ್ತದೆ. ಓದುಗರು ಲೋಟ ನೋಡುತ್ತಾರೆ, ಮಾತು ಅಲ್ಲೇ ಉಳಿದಿರುತ್ತದೆ.

ಸಂಭಾಷಣೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬಾಯಲ್ಲಿ ಹೇಳೋಕೆ ಆಗದ ಮಾತನ್ನು ನಾನು ಉಳಿಸುವುದಿಲ್ಲ. ಹುಬ್ಬಳ್ಳಿ ಕಡೆಯ ಪಾತ್ರ ಇದ್ದರೆ ತಂಡದಲ್ಲಿ ಆ ಕಡೆಯವರಿಂದ ಓದಿಸಿ ಕೇಳುತ್ತೇನೆ.

ಪ್ರಶ್ನೆ: ರಂಗದ ಮೇಲೆ ಮಾತು ಮರೆತರೆ ಏನು ಮಾಡ್ತೀರಿ? – ವಿದ್ಯಾರ್ಥಿನಿ, ಮೈಸೂರು

ಎದುರಿಗಿರುವವರ ಕಣ್ಣು ನೋಡಬೇಕು, ಅಷ್ಟೇ. ಒಳ್ಳೆಯ ಸಹನಟರು ಅರ್ಧ ಸೆಕೆಂಡಿನಲ್ಲಿ ಅರ್ಥ ಮಾಡಿಕೊಂಡು ಒಂದು ಪ್ರಶ್ನೆ ಎಸೆಯುತ್ತಾರೆ, ಉತ್ತರ ಕೊಡುತ್ತಾ ನಿಮ್ಮ ದಾರಿಗೆ ನೀವು ವಾಪಸ್ ಬರುತ್ತೀರಿ. ಇದಕ್ಕೇ ನನ್ನ ಮಾತಿನ ಜೊತೆ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಪ್ರಶ್ನೆ: ಹೋದ ತಿಂಗಳ ಕಂತಿನಲ್ಲಿ ನಿಮ್ಮ ಇನ್ಸ್‌ಪೆಕ್ಟರ್ ಕೊಲೆ ಕೇಸಿಗೆ 302 ಅನ್ನದೆ 103 ಅಂದರು. ಅಚ್ಚಿನ ತಪ್ಪಾ? – ನಿವೃತ್ತ ಶಿಕ್ಷಕರು, ದಾವಣಗೆರೆ

ತಪ್ಪಲ್ಲ ಸರ್. 2024ರ ಜುಲೈ 1ರಿಂದ ಹಳೆಯ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆಗೆ ಅದರಲ್ಲಿ ಕಲಂ 103. ಆದರೆ ಆ ದಿನಾಂಕಕ್ಕೆ ಮುಂಚೆ ನಡೆದ ಅಪರಾಧಕ್ಕೆ ಈಗಲೂ 302ನೇ ಕಲಮೇ. ಆದ್ದರಿಂದ ಕಥೆಯಲ್ಲಿ ಕೊಲೆ ಯಾವ ದಿನ ನಡೆಯಿತು ಅನ್ನೋದನ್ನು ಮೊದಲು ತೀರ್ಮಾನ ಮಾಡಿಕೊಳ್ಳಬೇಕು. ನನ್ನ ಕಥೆ ನಡೆಯೋದು 2025ರಲ್ಲಿ. ಅದೇ ಠಾಣೆಯ ಹಳೆಯ ಹೆಡ್ ಕಾನ್‌ಸ್ಟೆಬಲ್ ಬಾಯಲ್ಲಿ ‘ತ್ರೀನಾಟ್‌ಟೂ’ ಅಂತಲೇ ಬರುತ್ತದೆ, ಅದನ್ನು ಹಾಗೇ ಬಿಟ್ಟಿದ್ದೇನೆ, ಯಾಕೆಂದರೆ ಜನ ಮಾತಾಡೋದು ಹಾಗೇ.

ಆರೋಪಿಯನ್ನು ಬಂಧಿಸಿದ ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿ ಜಾಮೀನು ಕೇಳಬಹುದು, ಆ ನಿಯಮ ಹೊಸ ಕಾನೂನಿನಲ್ಲೂ ಉಳಿದಿದೆ. ನನ್ನ ಕಥೆಯ ಓಟವೆಲ್ಲ ಆ 90 ದಿನದ ಮೇಲೇ ನಿಂತಿದೆ. ಇಷ್ಟು ಗಮನವಿಟ್ಟು ಓದಿದ್ದಕ್ಕೆ ನಿಮಗೆ ನಮಸ್ಕಾರ.

ಪ್ರಶ್ನೆ: ಪತ್ತೇದಾರಿ ಕಾದಂಬರಿ ಸಾಹಿತ್ಯ ಅಲ್ಲ, ಟೈಂಪಾಸ್ ಅಂತಾರೆ. ನಿಮಗೆ ಬೇಜಾರಾಗಲ್ವಾ? – ಓದುಗರೊಬ್ಬರು, ಶಿವಮೊಗ್ಗ

ಆಗುತ್ತದೆ. ನನಗೋಸ್ಕರ ಅಲ್ಲ, ಓದುಗರಿಗೋಸ್ಕರ. ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರು ಶಾಲೆ ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ, ಓಣಿಯ ಬಾಡಿಗೆ ಲೈಬ್ರರಿಯಲ್ಲಿ ಆ ಪುಸ್ತಕಗಳನ್ನು ಕೈಗೆತ್ತಿಕೊಂಡವರಲ್ಲಿ ಎಷ್ಟೋ ಜನಕ್ಕೆ ಅದೇ ಮೊದಲ ಕನ್ನಡ ಕಾದಂಬರಿ. ಅಲ್ಲಿಂದ ಅವರು ಬೇರೆ ಬೇರೆ ಪುಸ್ತಕಗಳಿಗೆ ಹೋದರು. ಇನ್ನು ಎಂ. ರಾಮಮೂರ್ತಿ. ನಾವು ನವೆಂಬರ್‌ನಲ್ಲಿ ಹಾರಿಸುವ ಹಳದಿ–ಕೆಂಪು ಬಾವುಟ ರೂಪಿಸಿದವರು ಅವರು, ಪತ್ತೇದಾರಿ ಕಾದಂಬರಿಕಾರರೂ ಹೌದು. ಕನ್ನಡದ ಕೆಲಸ ಅಂದರೆ ಇದಲ್ಲದೆ ಇನ್ನೇನು?

ಕಂಪನಿ ನಾಟಕಗಳಿಗೂ ಇದೇ ಮಾತು ಹೇಳುತ್ತಿದ್ದರು, ಅಗ್ಗದ ಮನರಂಜನೆ ಅಂತ. ಡಾ. ರಾಜ್‌ಕುಮಾರ್ ಬೆಳೆದದ್ದು ಗುಬ್ಬಿ ಕಂಪನಿಯ ರಂಗದ ಮೇಲೆ. ಜನ ಇಷ್ಟಪಟ್ಟು ನೋಡುವ, ಓದುವ ಕೆಲಸವನ್ನು ಕೀಳು ಅಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ತುಂಬಾ ಹಳೆಯದು, ನನಗೆ ಅದು ಯಾವತ್ತೂ ಸರಿ ಕಂಡಿಲ್ಲ.

ಪ್ರಶ್ನೆ: ಎರಡರಿಂದಲೂ ಜೀವನ ನಡೆಯುತ್ತಾ? ನೇರವಾಗಿ ಹೇಳಿ. – ಓದುಗರೊಬ್ಬರು, ಬೆಳಗಾವಿ

ನಡೆಯಲ್ಲ. ಲೆಕ್ಕ ನೋಡಿ. ಪುಸ್ತಕದ ಬೆಲೆ 200 ರೂಪಾಯಿ, ಗೌರವಧನ ಶೇ 10 ಅಂದುಕೊಳ್ಳಿ. ಒಂದು ಪ್ರತಿಗೆ 20 ರೂಪಾಯಿ. ಸಾವಿರ ಪ್ರತಿ ಪೂರ್ತಿ ಖರ್ಚಾದರೆ 20,000. ಅದು ಖರ್ಚಾಗೋಕೆ ವರ್ಷಗಟ್ಟಲೆ ಬೇಕಾಗಬಹುದು. ಹವ್ಯಾಸಿ ನಾಟಕದಲ್ಲಿ ಹಾಲ್ ಬಾಡಿಗೆ, ಲೈಟು, ಸೆಟ್ಟು, ಅದನ್ನು ಸಾಗಿಸೋ ಟೆಂಪೊ ಇಷ್ಟಕ್ಕೆ ಟಿಕೆಟ್ ದುಡ್ಡು ಸರಿಹೋದರೆ ದೊಡ್ಡದು. ಮನೆ ನಡೆಯೋದು ಗಂಡನ ಸಂಬಳ ಮತ್ತು ನಾನು ಮಾಡುವ ಅನುವಾದದ ಕೆಲಸದಿಂದ. ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಪರಿಚಯದವರು ಅಂತ ಪಾಸ್ ಕೇಳಬೇಡಿ, ಟಿಕೆಟ್ ತಗೊಂಡು ಬನ್ನಿ. ಹೊತ್ತಿಗೆ ಸರಿಯಾಗಿ ಬನ್ನಿ. ಬೆಂಗಳೂರಿನ ರಂಗಶಂಕರದಲ್ಲಿ ಏಳೂವರೆ ಅಂದರೆ ಏಳೂವರೆಗೇ ಬಾಗಿಲು ಹಾಕುತ್ತಾರೆ, ಆಮೇಲೆ ಯಾರೇ ಬಂದರೂ ಬಿಡುವುದಿಲ್ಲ. 2004ರಲ್ಲಿ ಶುರುವಾದಾಗಿನಿಂದ ಆ ಶಿಸ್ತು ಉಳಿಸಿಕೊಂಡು ಬಂದಿದ್ದಾರೆ. ಎಲ್ಲ ರಂಗಮಂದಿರಗಳಲ್ಲೂ ಹಾಗೇ ಆಗಲಿ ಅಂತ ನನ್ನ ಆಸೆ.

ಪ್ರಶ್ನೆ: ನಾನು ಡಿಗ್ರಿ ಕೊನೆಯ ವರ್ಷ. ಕೊಲೆ ಕಥೆ ಬರೀತೀನಿ, ನಾಟಕಾನೂ ಮಾಡಬೇಕು ಅಂತ ಆಸೆ ಐತಿ. ಮನ್ಯಾಗ ಬ್ಯಾಡ ಅಂತಾರ. ಏನ್ ಮಾಡ್ಲಿ ಅಕ್ಕಾ? – ಬಾದಾಮಿ ಹತ್ತಿರದ ಹಳ್ಳಿಯಿಂದ

ತಂಗಿ, ನಿನ್ನ ಊರು ನಾಟಕದ ಸೀಮೆಯಲ್ಲೇ ಇದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಬಂದರೆ ನಾಟಕ ಕಂಪನಿಗಳು ಅಲ್ಲಿ ಬಂದು ಟೆಂಟ್ ಹಾಕುತ್ತವೆ, ರಾತ್ರಿ ಪೂರ್ತಿ ಆಟ. ಈ ಸಲ ಅಮ್ಮನನ್ನೂ ಕರೆದುಕೊಂಡು ಹೋಗಿ ಒಂದು ನಾಟಕ ನೋಡಿ. ಸಾಧ್ಯವಾದರೆ ಮುಗಿದ ಮೇಲೆ ಆ ಕಲಾವಿದೆಯರನ್ನು ಮಾತಾಡಿಸಿ. ಮಕ್ಕಳನ್ನು ಓದಿಸುತ್ತಾ, ಮನೆ ನಡೆಸುತ್ತಾ ರಂಗದ ಮೇಲೆ ನಿಂತ ಹೆಣ್ಣುಮಕ್ಕಳು ಅವರು. ಅಮ್ಮನ ಭಯ ನನ್ನ ಮಾತಿಗಿಂತ ಅವರ ಮಾತಿಗೆ ಬೇಗ ಕಡಿಮೆಯಾಗುತ್ತದೆ.

ಡಿಗ್ರಿ ಮಾತ್ರ ಬಿಡಬೇಡ. ಅದು ಮುಗಿದ ಮೇಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಇದೆ. ಅಲ್ಲಿ 1980ರಿಂದ ರಂಗಶಿಕ್ಷಣ ಕೊಡುತ್ತಿದ್ದಾರೆ, ಕಲಿಸೋದು ಕನ್ನಡದಲ್ಲೇ. ಕಲಿತವರಲ್ಲಿ ಕೆಲವರು ಅವರದೇ ತಿರುಗಾಟದ ತಂಡ ಸೇರಿ ಊರೂರು ಸುತ್ತುತ್ತಾರೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ನೋಡ್ತಾ ಇರು.

ಅಲ್ಲಿಯವರೆಗೆ ನಿನ್ನ ಕೊಲೆ ಕಥೆಯನ್ನು ನಿಮ್ಮ ಕಡೆಯ ಮಾತಿನಲ್ಲೇ ಬರಿ. ನೀನು ಪ್ರಶ್ನೆ ಕೇಳಿದ ಭಾಷೆ ಎಷ್ಟು ಚೆನ್ನಾಗಿದೆ ಗೊತ್ತಾ, ಅದನ್ನು ಬೆಂಗಳೂರಿನ ಕನ್ನಡಕ್ಕೆ ತಿದ್ದಬೇಡ. ಮೊದಲ ಅಧ್ಯಾಯ ಆದ ಮೇಲೆ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸು, ಓದಿ ಬರೆಯುತ್ತೇನೆ.